ಟೋಕಿಯೋದಲ್ಲಿ ಒಂದು ದಿನ, ಒಂದು ಹಳೇ ಬೇಬ್ಲೇಡ್: ನಕಾನೊ, ಅಕಿಹಬಾರಾ ಸುತ್ತಿದ ಕಥೆ (ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ)

ಕುವೆಂಪುನಗರದ_ಅಕ್ಕ

2024ರ ನವೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಜಪಾನ್‌ಗೆ ಹೋಗಿದ್ದೆವು. ಎಂಟು ದಿನದ ಪ್ರವಾಸ. ಏಳು ದಿನ ದೇವಸ್ಥಾನ, ಬೆಟ್ಟ, ಬುಲೆಟ್ ಟ್ರೇನು. ಒಂದು ದಿನ ಮಾತ್ರ ಪೂರ್ತಿ ನನಗೆ ಬಿಟ್ಟುಕೊಡಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಮಾತಾಗಿತ್ತು. ಹೋಗುವ ಮುಂಚೆ ಇಲ್ಲಿನ ಹಳೇ ಪೋಸ್ಟುಗಳನ್ನೆಲ್ಲ ಓದಿಕೊಂಡು ಹೋಗಿದ್ದೆ. ಆ ಋಣ ತೀರಿಸೋಣ ಅಂತ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದು ಒಂದೇ ವಸ್ತು, ಬೇಬ್ಲೇಡ್, ಅಂದರೆ ಲಾಂಚರ್‌ಗೆ ಸಿಕ್ಕಿಸಿ ಹಲ್ಲಿನ ಪಟ್ಟಿ ಎಳೆದು ತಿರುಗಿಸಿ ಬಿಡುವ ಆಟಿಕೆ ಬುಗುರಿ. ಈಗ ಬರುವ ಹೊಸದಲ್ಲ. ನಾವು ಶಾಲೆಯಿಂದ ಬಂದು ಬ್ಯಾಗ್ ಎಸೆದು ಕಾರ್ಟೂನ್ ನೆಟ್‌ವರ್ಕ್ ಹಾಕುತ್ತಿದ್ದ ಕಾಲದ, ಡ್ರಾಗೂನ್ ಅನ್ನುವ ಪ್ಲಾಸ್ಟಿಕ್ ಬೇಬ್ಲೇಡ್. 2006ರಲ್ಲಿ ತಮ್ಮನ ಹತ್ತಿರ ಒಂದಿತ್ತು. ಅಪ್ಪ ದೇವರಾಜ ಅರಸು ರಸ್ತೆಯಲ್ಲಿ ಕೊಡಿಸಿದ್ದು, ಬಹುಶಃ ನಕಲಿ. ಒಂದು ಸಂಜೆ ರಿಮೋಟಿಗಾಗಿ ಜಗಳ ಆಯಿತು. ನಾನು ಅದನ್ನು ಕಿತ್ತುಕೊಂಡು ನೀರಿನ ಸಂಪಿನೊಳಗೆ ಎಸೆದುಬಿಟ್ಟೆ. ಸಂಪು ತೊಳೆಸಿದಾಗಲೂ ಸಿಗಲಿಲ್ಲ. ಈಗ ಅವನಿಗೂ ಮದುವೆ ವಯಸ್ಸು, ಆದರೂ ಗೌರಿ ಹಬ್ಬಕ್ಕೆ ಅರಿಶಿನ-ಕುಂಕುಮದ ದುಡ್ಡು ಕೊಡಲು ಬಂದಾಗಲೆಲ್ಲ "ಮೊದಲು ನನ್ನ ಡ್ರಾಗೂನ್ ಎಲ್ಲಿ ಹೇಳು" ಅಂತಲೇ ಶುರು ಮಾಡುತ್ತಾನೆ.

ಬೆಳಗ್ಗೆ ಒಂಬತ್ತೂವರೆಗೆ ನಕಾನೊ ಸ್ಟೇಷನ್‌ನಲ್ಲಿ ಇಳಿದೆವು. ಶಿಂಜುಕುವಿನಿಂದ ಕಿತ್ತಳೆ ಪಟ್ಟಿಯ ಚೂಓ ರೈಲಿನಲ್ಲಿ ಮುಂದಿನ ಸ್ಟಾಪೇ ನಕಾನೊ, ಐದು ನಿಮಿಷ. ಬೇಗ ಹೋದರೆ ಜನ ಕಮ್ಮಿ ಇರುತ್ತಾರೆ ಅಂತ ನನ್ನ ಲೆಕ್ಕ. ಜನ ಕಮ್ಮಿಯೇ ಇದ್ದರು, ಯಾಕೆಂದರೆ ಅಂಗಡಿಗಳೇ ತೆಗೆದಿರಲಿಲ್ಲ! ಉತ್ತರದ ಬಾಗಿಲಿಂದ ಹೊರಗೆ ಬಂದರೆ ಸನ್ ಮಾಲ್ ಅನ್ನುವ ಸೂರು ಹಾಕಿದ ಬೀದಿ, ಅದರ ಕೊನೆಗೆ ನಕಾನೊ ಬ್ರಾಡ್‌ವೇ. ಒಳಗೆ ಸಾಲು ಸಾಲು ಶಟರ್. ಬಹಳಷ್ಟು ಅಂಗಡಿ ತೆಗೆಯುವುದು ಹನ್ನೆರಡಕ್ಕೆ. ನಮ್ಮ ಯಜಮಾನರು ಒಂದು ಮಾತೂ ಆಡಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು. ಅದು ಬೈಗುಳಕ್ಕಿಂತ ಜಾಸ್ತಿ.

ಈ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಕಟ್ಟಿದ್ದು 1966ರಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆಗಳು. ಹೊಸ ಮಾಲ್‌ಗಳ ಥಳಕು ಏನೂ ಇಲ್ಲ. ತಗ್ಗಾದ ಸೂರು, ಟ್ಯೂಬ್‌ಲೈಟ್, ಇಕ್ಕಟ್ಟಿನ ಓಣಿ. ನಮ್ಮ ಮೆಜೆಸ್ಟಿಕ್‌ನ ಹಳೇ ಕಾಂಪ್ಲೆಕ್ಸುಗಳ ನೆನಪು ಬಂತು. ವಾಸನೆ ಬೇರೆ, ಅಷ್ಟೇ. ನೆಲಮಾಳಿಗೆಯಲ್ಲಿ ಅಜ್ಜಿಯರು ತರಕಾರಿ ಕೊಳ್ಳುತ್ತಿದ್ದಾರೆ, ಅದರ ಮೇಲೆಯೇ ಲಕ್ಷಗಟ್ಟಲೆ ಬೆಲೆಯ ವಾಚಿನ ಅಂಗಡಿ, ಅದರ ಪಕ್ಕ ತಗಡಿನ ರೋಬೋ. ಮುಂಬಾಗಿಲಿನ ಎಸ್ಕಲೇಟರ್ ಹತ್ತಿದರೆ ಎರಡನೇ ಮಹಡಿ ಬರುವುದೇ ಇಲ್ಲ, ಸೀದಾ ಮೂರಕ್ಕೆ ಕರೆದುಕೊಂಡು ಹೋಗುತ್ತದೆ. ಎರಡಕ್ಕೆ ಮೆಟ್ಟಿಲು ಹುಡುಕಿಕೊಂಡು ಇಳಿಯಬೇಕು. ಇದು ಗೊತ್ತಿಲ್ಲದೆ ನಾವು ಮೂರು ಸುತ್ತು ಹೊಡೆದೆವು.

ಇಲ್ಲಿನ ಮುಖ್ಯ ಹೆಸರು ಮಂದರಾಕೆ. ಮಂಗಾ (ಜಪಾನಿನ ಕಾಮಿಕ್ಸ್) ಬರೆಯುತ್ತಿದ್ದ ಫುರುಕಾವಾ ಮಾಸುಜೋ ಅನ್ನುವವರು 1980ರಲ್ಲಿ ಇದೇ ಕಟ್ಟಡದಲ್ಲಿ ಒಂದು ಪುಟ್ಟ ಹಳೇ ಮಂಗಾ ಅಂಗಡಿ ಇಟ್ಟರು. ಅದೇ ಬೆಳೆದು ಈಗ ಒಂದೇ ಹೆಸರಿನ ಹತ್ತಾರು ಅಂಗಡಿಗಳಾಗಿ ಮಹಡಿ ಮಹಡಿಗೆ ಹಂಚಿಹೋಗಿದೆ. ಒಂದರಲ್ಲಿ ಮಂಗಾ ಮಾತ್ರ, ಇನ್ನೊಂದರಲ್ಲಿ ಫಿಗರ್ (ಕಾರ್ಟೂನ್ ಪಾತ್ರಗಳ ಗೊಂಬೆ), ಮತ್ತೊಂದರಲ್ಲಿ ಅನಿಮೇಷನ್ ಚಿತ್ರದ ಹಾಳೆಗಳು. ನಾಲ್ಕನೇ ಮಹಡಿಯಲ್ಲಿ ಕೆಂಪು "ತೋರಿ" (ಜಪಾನಿನ ದೇವಸ್ಥಾನದ ಕಮಾನು) ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿರುವ ಒಂದು ಅಂಗಡಿ ಇದೆ, ದೇವಸ್ಥಾನಕ್ಕೆ ಹೋದ ಹಾಗೇ ಬಗ್ಗಿ ಒಳಗೆ ಹೋಗಬೇಕು. ಒಳಗಿರುವ ದೇವರು ಹಳೇ ಕಾಲದ ಆಟಿಕೆಗಳು. ಅಲ್ಲಿನ ಬೆಲೆ ನೋಡಿ ಕೈ ಜೋಡಿಸಿ ಹೊರಗೆ ಬಂದೆ.

ನನ್ನ ಅದೃಷ್ಟ ಕುಲಾಯಿಸಿದ್ದು ದೊಡ್ಡ ಅಂಗಡಿಯಲ್ಲಿ ಅಲ್ಲ. ಒಂದು ಓಣಿಯ ತಿರುವಿನಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಅಂಗಡಿ. ಬಾಗಿಲ ಹತ್ತಿರ ನೆಲದ ಮೇಲೆ ಒಂದು ನೀಲಿ ಕ್ರೇಟು, ನಮ್ಮಲ್ಲಿ ಹಾಲಿನ ಪ್ಯಾಕೆಟ್ ಬರುತ್ತದಲ್ಲ, ಅಂಥದ್ದೇ. ಒಳಗೆ ಪ್ಲಾಸ್ಟಿಕ್ ಕವರುಗಳಲ್ಲಿ ಬಿಡಿ ಬಿಡಿ ಸಾಮಾನು: ಕೈ ಇಲ್ಲದ ಅಲ್ಟ್ರಾಮ್ಯಾನ್, ಒಂಟಿ ಚಕ್ರದ ಕಾರು, ಬಣ್ಣ ಹೋದ ಪಿಕಾಚು. ನಾನು ನೆಲದ ಮೇಲೆ ಕೂತು, ಅಮ್ಮ ಅವರೆಕಾಯಿ ಆರಿಸುವ ಹಾಗೆ ಒಂದೊಂದೇ ತೆಗೆದು ನೋಡಿದೆ. ತಳದ ಹತ್ತಿರ ಒಂದು ಕವರ್. ಬಿಳಿ ಪ್ಲಾಸ್ಟಿಕ್ ಉಂಗುರ, ಅದರ ಕೆಳಗೆ ಲೋಹದ ತಟ್ಟೆ, ನಡುವೆ ಡ್ರ್ಯಾಗನ್ ಚಿತ್ರದ ಪುಟ್ಟ ಚಿಪ್ಪು. ಉಂಗುರದ ಒಂದು ಮೂಲೆ ಸವೆದು ನುಣ್ಣಗಾಗಿದೆ, ಯಾವುದೋ ಹುಡುಗ ಚೆನ್ನಾಗಿ ಆಡಿದ್ದಾನೆ. ಜೊತೆಗೆ ಲಾಂಚರ್, ಹಲ್ಲಿನ ಪಟ್ಟಿ. ಕವರಿನ ಮೇಲೆ ಸಣ್ಣ ಚೀಟಿ, ಕೈಬರಹದಲ್ಲಿ ಏನೋ ಎರಡು ಸಾಲು, ಕೆಳಗೆ 1,800 ಯೆನ್. ಆಗ ಒಂದು ಯೆನ್‌ಗೆ ಹತ್ತಿರ ಹತ್ತಿರ 55 ಪೈಸೆ. ಅಂದರೆ ಸಾವಿರ ರೂಪಾಯಿ. ಅಂಗಡಿಯಾತ ಕವರನ್ನು ಎರಡೂ ಕೈಯಲ್ಲಿ ಹಿಡಿದು, ಚೀಟಿಯ ಕಡೆ ಬೆರಳು ತೋರಿಸಿ ಏನೋ ಕೇಳಿದರು. ನಾನು ಹೂಂ ಹೂಂ ಅಂತ ತಲೆ ಆಡಿಸಿದೆ. ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ತಲೆ ಆಡಿಸಿದೆ. (ಇದು ನೆನಪಿಟ್ಟುಕೊಳ್ಳಿ.)

ಮಧ್ಯಾಹ್ನದ ಮೇಲೆ ಅಕಿಹಬಾರಾ, ಕಾರ್ಟೂನು, ಆಟಿಕೆ ಅಂಗಡಿಗಳಿಗೆ ಹೆಸರಾದ ಜಾಗ. ಭಾನುವಾರವಾದ್ದರಿಂದ ಮುಖ್ಯ ರಸ್ತೆಗೆ ಗಾಡಿ ಬಿಡುವುದಿಲ್ಲ, ನಡುರಸ್ತೆಯಲ್ಲೇ ನಡೆಯಬಹುದು. ಚಂದ ಇದೆ, ಇಲ್ಲ ಅನ್ನಲ್ಲ. ಆದರೆ ನನಗೆ ಅಲ್ಲಿ ಉಸಿರು ಕಟ್ಟಿತು. ಎಂಟು-ಹತ್ತು ಮಹಡಿಯ ಕಟ್ಟಡಗಳು, ಒಂದೊಂದು ಮಹಡಿಯಲ್ಲೂ ಬೇರೆ ಬೇರೆ ಹಾಡು. ರೇಡಿಯೋ ಕೈಕಾನ್ ಅನ್ನುವ ಅಂಗಡಿ ಕಟ್ಟಡದಲ್ಲಿ ಎರಡು ಗಂಟೆ ಕಳೆದೆವು. ಅಲ್ಲಿ ಗಾಜಿನ ಪುಟ್ಟ ಗೂಡುಗಳನ್ನು ಜನರಿಗೆ ಬಾಡಿಗೆಗೆ ಕೊಡುತ್ತಾರೆ. ಯಾರು ಬೇಕಾದರೂ ತಮ್ಮ ಸಂಗ್ರಹ ಇಟ್ಟು, ತಾವೇ ಬೆಲೆ ಹಾಕಿ ಮಾರಬಹುದು. ಒಂದೇ ಫಿಗರ್ ಮೇಲಿನ ಗೂಡಿನಲ್ಲಿ 4,000, ಕೆಳಗಿನ ಗೂಡಿನಲ್ಲಿ 2,500. ಕಣ್ಣಿನ ಮಟ್ಟದ ಗೂಡು ನೋಡಿ ತಗೊಂಡು ಬಂದವರು ದಡ್ಡರು. ಮೊಣಕಾಲೂರಿ ಕೂತು ನೋಡಬೇಕು.

ಕೊನೆಗೆ ಗಾಚಾಪಾನ್. ನೂರು ಯೆನ್ ನಾಣ್ಯ ಹಾಕಿ ಕಿವಿ ತಿರುಗಿಸಿದರೆ ಒಳಗೆ ಪುಟ್ಟ ಆಟಿಕೆ ಇರುವ ಉಂಡೆ ಬೀಳುವ ಯಂತ್ರ. ಈಗ ಒಂದು ಸಲಕ್ಕೆ 300ರಿಂದ 500 ಯೆನ್. "ಮಕ್ಕಳಾಟ" ಅಂತ ಬೆಳಗ್ಗೆಯಿಂದ ಮೂಗು ಮುರಿಯುತ್ತಿದ್ದ ನಮ್ಮ ಯಜಮಾನರು ಪುಟಾಣಿ ಪ್ರೆಶರ್ ಕುಕ್ಕರ್ ಬೇಕು ಅಂತ ಆರು ಸಲ ತಿರುಗಿಸಿದರು. ಐದು ಸಲವೂ ಬಾಣಲೆ ಬಂತು.

ನನ್ನ ತೀರ್ಮಾನ: ಒಂದೇ ದಿನ ಇದ್ದರೆ ನಕಾನೊಗೇ ಹೋಗಿ. ನೋಡಲು ಅಕಿಹಬಾರಾ, ಹುಡುಕಲು ನಕಾನೊ. ಒಪ್ಪದವರು ಕೆಳಗೆ ಜಗಳಕ್ಕೆ ಬನ್ನಿ.

ನಿಶಿಕಸಾಯ್_ಕನ್ನಡಿಗ

ಅಕ್ಕ, ಸೊಗಸಾಗಿ ಬರೆದಿದ್ದೀರಿ. ಹನ್ನೊಂದು ವರ್ಷದಿಂದ ಇಲ್ಲೇ ಟೋಕಿಯೋದಲ್ಲಿ ಇದ್ದೇನೆ, ಒಂದೆರಡು ಮಾತು ಸೇರಿಸುತ್ತೇನೆ.

ನಕಾನೊದಿಂದ ಅಕಿಹಬಾರಾಗೆ ಹೋಗುವವರು ಹಳದಿ ಪಟ್ಟಿಯ ಸೋಬು ರೈಲು ಹತ್ತಿ. ಸೀದಾ ಹೋಗುತ್ತದೆ, ಇಪ್ಪತ್ತು ನಿಮಿಷದ ಆಸುಪಾಸು. ಕಿತ್ತಳೆ ರೈಲು ಅಕಿಹಬಾರಾದಲ್ಲಿ ನಿಲ್ಲುವುದೇ ಇಲ್ಲ. ಊರಿಂದ ಬಂದ ಪ್ರತಿಯೊಬ್ಬ ನೆಂಟನೂ ಕಿತ್ತಳೆ ಹತ್ತಿ ಕಾಂದಾದಲ್ಲಿ ಇಳಿದು ನನಗೆ ಫೋನ್ ಮಾಡಿದ್ದಾನೆ.

ನಕಾನೊದ ಸಣ್ಣ ಅಂಗಡಿಗಳಿಗೆ ವಾರದ ನಡುವೆ ರಜೆ ಇರುತ್ತದೆ, ಒಂದೊಂದಕ್ಕೆ ಒಂದೊಂದು ದಿನ. ಕೆಲವು ಕಡೆ ನಗದು ಮಾತ್ರ. ಹತ್ತು ಸಾವಿರ ಯೆನ್ ಆದರೂ ಜೇಬಿನಲ್ಲಿರಲಿ.

ತೆರಿಗೆ ವಿಷಯ: ಇಲ್ಲಿ 10% ತೆರಿಗೆ. ತೆರಿಗೆ ಬಿಡುವ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಅಥವಾ ಅದಕ್ಕಿಂತ ಜಾಸ್ತಿ ಕೊಂಡರೆ ಪ್ರವಾಸಿಗಳಿಗೆ ಆ ತೆರಿಗೆ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು, ಜೆರಾಕ್ಸ್ ನಡೆಯುವುದಿಲ್ಲ. ಹಳೇ ಸಾಮಾನಿಗೂ ಇದು ಸಿಗುತ್ತದೆ. ಆದರೆ 2026ರ ನವೆಂಬರ್ 1ರಿಂದ ಪದ್ಧತಿ ಬೇರೆ: ಅಂಗಡಿಯಲ್ಲಿ ಪೂರ್ತಿ ಕೊಟ್ಟು, ದೇಶ ಬಿಡುವಾಗ ವಿಮಾನ ನಿಲ್ದಾಣದಲ್ಲಿ ಸಾಮಾನು ತೋರಿಸಿ ವಾಪಸ್ ಪಡೆಯಬೇಕು. ಆಮೇಲೆ ಹೋಗುವವರು ಕೊಂಡಿದ್ದನ್ನೆಲ್ಲ ಸೂಟ್‌ಕೇಸಿನ ತಳಕ್ಕೆ ತುರುಕಬೇಡಿ.

ಕುವೆಂಪುನಗರದ_ಅಕ್ಕ

ಕಾಂದಾದಲ್ಲಿ ಇಳಿದವರ ಪಟ್ಟಿಗೆ ನಮ್ಮನ್ನೂ ಸೇರಿಸಿಕೊಳ್ಳಿ. ನಾಚಿಕೆಯಾಗಿ ಪೋಸ್ಟ್‌ನಲ್ಲಿ ಬರೆದಿರಲಿಲ್ಲ.

ಗನ್‌ಪ್ಲಾ_ದಾವಣಗೆರೆ

ಜಗಳಕ್ಕೆ ಬಂದೆ. ನೋಡಲು ಅಕಿಹಬಾರಾ ಅಂದ್ರೆ ಹೇಗೆ ಅಕ್ಕ? ನನ್ನಂಥವನಿಗೆ ಗನ್‌ಪ್ಲಾ ಬಿಟ್ಟರೆ ಬೇರೆ ಬೇಡ. ಹೊಸ ಕಿಟ್, ಬಣ್ಣ, ಬ್ಲೇಡ್, ಮರಳು ಕಾಗದ ಎಲ್ಲ ಒಂದೇ ಮಹಡಿಯಲ್ಲಿ ಸಿಗುವುದು ಅಕಿಹಬಾರಾದಲ್ಲೇ. ಇಲ್ಲ ಅಂದ್ರೆ ಒದಾಯ್ಬಾದ ಗುಂಡಮ್ ಬೇಸ್ ಅಂಗಡಿ. ನಕಾನೊ ಹಳೇ ಸಾಮಾನಿನವರಿಗೆ.

ಗೊತ್ತಿಲ್ಲದವರಿಗೆ: ಗನ್‌ಪ್ಲಾ ಅಂದರೆ ಗುಂಡಮ್ ಅನ್ನುವ ಜಪಾನಿ ಕಾರ್ಟೂನಿನ ರೋಬೋಗಳ ಪ್ಲಾಸ್ಟಿಕ್ ಕಿಟ್. 1980ರಿಂದ ಬರುತ್ತಿದೆ. ಈಗಿನ ಕಿಟ್‌ಗಳಿಗೆ ಅಂಟು ಬೇಡ, ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ ಒಂದಕ್ಕೊಂದು ಒತ್ತಿ ಕೂರಿಸುವುದು. ಎಚ್‌ಜಿ ಅನ್ನುವುದು 1/144 ಅಳತೆ, ಅಂಗೈ ಉದ್ದ, ಮೊದಲ ಸಲದವರಿಗೆ ಸರಿ. ಎಂಜಿ 1/100. ಪಿಜಿ 1/60, ಅದು ತಪಸ್ಸು. ಕಿಟ್‌ಗೆ ತೂಕ ಇಲ್ಲ, ಆದರೆ ಡಬ್ಬಿ ದೊಡ್ಡದು. ನಾನು ಎಂಟು ಡಬ್ಬಿಗಳನ್ನು ಬಿಚ್ಚಿ ಚಪ್ಪಟೆ ಮಾಡಿ ಸೂಟ್‌ಕೇಸಿನ ಅಡಿಗೆ ಹಾಕಿ, ಬಿಡಿಭಾಗದ ಚೀಲಗಳನ್ನು ಪಂಚೆಯಲ್ಲಿ ಸುತ್ತಿ ತಂದೆ. ಒಂದೂ ಮುರಿಯಲಿಲ್ಲ.

ಖರ್ಚು_ಕಮ್ಮಿ

ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಮೊನ್ನೆ ನಮ್ಮ ಆಫೀಸಿನ ಹುಡುಗ ಒಂದು ಗೊಂಬೆ ತೋರಿಸಿದ, 22 ಸಾವಿರ ಯೆನ್ ಅಂತೆ. ಪ್ಲಾಸ್ಟಿಕ್! ಆ ದುಡ್ಡಲ್ಲಿ ಒಂದಿಷ್ಟು ಚಿನ್ನ ಬರುತ್ತಿತ್ತಲ್ಲ. ಇದರಲ್ಲಿ ಏನಿದೆ ಅಂತ ಅರ್ಥ ಆಗುವ ಹಾಗೆ ಯಾರಾದರೂ ಹೇಳಿ.

ಹುಬ್ಬಳ್ಳಿ_ಒಟಾಕು

ಅಲ್ರೀ ಸರ್, ಅದು ಬರೀ ಪ್ಲಾಸ್ಟಿಕ್ ಅಂದ್ರ ಇಳಕಲ್ ಸೀರಿ ಬರೀ ನೂಲು ಅಂದಂಗ ಆತು.

ಗೊಂಬೆಗಳಲ್ಲಿ ಜಾತಿ ಇವೆ. ನಿಮ್ಮ ಆಫೀಸಿನ ಹುಡುಗ ತೋರಿಸಿದ್ದು ಸ್ಕೇಲ್ ಫಿಗರ್ ಇರಬೇಕು, 1/7 ಅಥವಾ 1/8 ಅಳತೆ. ಒಬ್ಬ ಶಿಲ್ಪಿ ಮೂಲ ಮಾಡುತ್ತಾನೆ, ಅದಕ್ಕೆ ಅಚ್ಚು, ಆಮೇಲೆ ಬಣ್ಣ. ಮುಂಗಡ ಬುಕಿಂಗ್ ತಗೊಂಡು ಮಾಡುತ್ತಾರೆ, ಬರಲು ತಿಂಗಳುಗಟ್ಟಲೆ ಆಗುತ್ತದೆ. 15 ಸಾವಿರ, 20 ಸಾವಿರ ಯೆನ್ ಮಾಮೂಲು. ಅದರ ಕೆಳಗೆ ನೆಂಡೊರಾಯ್ಡ್, ಹತ್ತು ಸೆಂಟಿಮೀಟರ್ ಎತ್ತರ, ದೊಡ್ಡ ತಲೆ, ಮುಖ ಬದಲಾಯಿಸಬಹುದು. 2006ರಿಂದ ಬರುತ್ತಿವೆ. ಎಲ್ಲಕ್ಕಿಂತ ಅಗ್ಗದ್ದು ಪ್ರೈಜ್ ಫಿಗರ್. ಅದನ್ನು ಅಂಗಡಿಗೆ ಅಂತ ಮಾಡುವುದೇ ಇಲ್ಲ, ಕೊಕ್ಕೆ ಯಂತ್ರದಲ್ಲಿ ಗೆಲ್ಲಲಿಕ್ಕೆ ಮಾಡುತ್ತಾರೆ. ಗೆದ್ದವರು ಮಾರಿಬಿಡುತ್ತಾರೆ, ಅದು ಹಳೇ ಸಾಮಾನಿನ ಅಂಗಡಿಗೆ ಬರುತ್ತದೆ.

ಇಲ್ಲೇ ನಾನು ಹಳ್ಳಕ್ಕೆ ಬಿದ್ದದ್ದು. ಒಂದು ಗೇಮ್ ಸೆಂಟರಿನಲ್ಲಿ ಒನ್ ಪೀಸ್ ಕಾರ್ಟೂನಿನ ಲೂಫಿ ಗೊಂಬೆ ಅಂಚಿಗೆ ಬಂದು ನಿಂತಿತ್ತು. ಇನ್ನೊಂದೇ ತಳ್ಳು ಅನ್ನಿಸಿತು. ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ನೆನಪಿದೆ ಅಲ್ವಾ, ಅದೇ ಹುಚ್ಚು. ನೂರು ನೂರು ಅಂತ 3,400 ಯೆನ್ ಹೋಯಿತು. ಗೊಂಬೆ ಅಲ್ಲೇ ನಿಂತಿತ್ತು, ನನ್ನನ್ನು ನೋಡಿ ನಗುತ್ತಾ. ಹೊರಗೆ ಬಂದು ಎರಡನೇ ಕಟ್ಟಡದ ಮೂರನೇ ಮಹಡಿಗೆ ಹೋದರೆ ಅದೇ ಲೂಫಿ, ಡಬ್ಬಿ ಸಮೇತ, 1,200.

ಆದ್ದರಿಂದ ನನ್ನ ಪದ್ಧತಿ: ಕೊಕ್ಕೆ ಯಂತ್ರಕ್ಕೆ ಐದು ನಾಣ್ಯ, ಆಟದ ಖುಷಿಗೆ. ಅಷ್ಟೇ. ಗೊಂಬೆ ಬೇಕಾದರೆ ಹಳೇ ಅಂಗಡಿ. ಇಸ್ಪೀಟಿನ ಚಟ ಇದ್ದವರು ಪೊಕೆಮಾನ್ ಕಾರ್ಡಿನ ಅಂಗಡಿಗಳಲ್ಲಿ "ಓರಿಪಾ" ಅನ್ನುವ ಪ್ಯಾಕೆಟ್ ಮುಟ್ಟಬೇಡಿ. ಅದು ಕಂಪನಿಯ ಪ್ಯಾಕೆಟ್ ಅಲ್ಲ, ಅಂಗಡಿಯವರೇ ಬಿಡಿ ಕಾರ್ಡು ಸೇರಿಸಿ ಮಾಡಿದ ಲಾಟರಿ.

ಖರ್ಚು_ಕಮ್ಮಿ

ಇಳಕಲ್ ಸೀರೆ ಉಟ್ಟುಕೊಳ್ಳಬಹುದು ರೀ. ಆದರೆ 3,400 ಯೆನ್ ಕಥೆ ಕೇಳಿ ಸಮಾಧಾನ ಆಯಿತು.

ಅಪ್ಪ_ಆದಮೇಲೆ

ಏಪ್ರಿಲ್ ರಜೆಗೆ ಹೋಗಬೇಕು ಅಂತಿದ್ದೇವೆ. ಮಗಳಿಗೆ ಒಂಬತ್ತು, ಮಗನಿಗೆ ಆರು. ಅವಳಿಗೆ ಪೊಕೆಮಾನ್, ಅವನಿಗೆ ಡೋರೆಮಾನ್. ಮೂರು ಪ್ರಶ್ನೆ. ಮಕ್ಕಳನ್ನು ಅಕಿಹಬಾರಾಗೆ ಕರೆದುಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು, ಏನು ತಿನ್ನೋದು? ಇಲ್ಲಿ ಕಸ್ಟಮ್ಸ್‌ನಲ್ಲಿ ಹಿಡಿಯುತ್ತಾರಾ?

ನಿಶಿಕಸಾಯ್_ಕನ್ನಡಿಗ

ಸರ್, ಮಕ್ಕಳಿದ್ದರೆ ಇಕೆಬುಕುರೊ ಒಳ್ಳೆಯದು. ಸನ್‌ಶೈನ್ ಸಿಟಿ ಅನ್ನುವ ಮಾಲ್ ಒಂದರಲ್ಲೇ ದಿನ ಕಳೆಯುತ್ತದೆ. ಪೊಕೆಮಾನ್ ಸೆಂಟರ್ ಅಲ್ಲೇ. 2021ರಲ್ಲಿ ತೆರೆದ ಗಾಚಾಪಾನ್ ಅಂಗಡಿಯೂ ಅಲ್ಲೇ, ಸುಮಾರು 3,000 ಯಂತ್ರ ಸಾಲಾಗಿ ನಿಂತಿವೆ. ಮಕ್ಕಳ ಕೈಗೆ ನಾಣ್ಯ ಎಣಿಸಿ ಕೊಟ್ಟು ಬಿಡಿ, ಸಾವಿರದ ನೋಟು ಕೊಡಬೇಡಿ, ಪಕ್ಕದಲ್ಲೇ ಚಿಲ್ಲರೆ ಯಂತ್ರ ಇರುತ್ತದೆ. ಶಿಬುಯಾದ ಪಾರ್ಕೋ ಮಾಲ್‌ನ ಆರನೇ ಮಹಡಿಯಲ್ಲೂ ನಿಂಟೆಂಡೊ, ಪೊಕೆಮಾನ್ ಎರಡೂ ಇವೆ.

ಅಕಿಹಬಾರಾಗೂ ಹೋಗಬಹುದು, ಭಯ ಏನಿಲ್ಲ. ಆದರೆ ಕೆಲವು ಕಟ್ಟಡಗಳಲ್ಲಿ ಒಂದೆರಡು ಮಹಡಿ ದೊಡ್ಡವರಿಗೆ ಮಾತ್ರ. ಮೆಟ್ಟಿಲ ಹತ್ತಿರ 18 ಅಂತ ಬೋರ್ಡು ಹಾಕಿರುತ್ತಾರೆ. ಲಿಫ್ಟಿನಲ್ಲಿ ಮಗ ಸುಮ್ಮನೆ ಯಾವುದೋ ಗುಂಡಿ ಒತ್ತಿಬಿಟ್ಟರೆ ನಿಮಗೇ ಮುಜುಗರ.

ಊಟ: ಮೀನಿನ ಸಾರು ಎಲ್ಲದರಲ್ಲೂ ಬೆರೆತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಟೋಕಿಯೋ ಸ್ಟೇಷನ್ನಿನ ಗೇಟಿನ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರದ ರಾಮೆನ್ (ಸಾರಿನ ನೂಡಲ್ಸ್) ಅಂಗಡಿ ಇದೆ. ಉಳಿದಂತೆ ಉಪ್ಪು ಹುಣಸೆಯಂಥ ಉಮೆಬೊಶಿ ಇಟ್ಟ ಅನ್ನದುಂಡೆ, ಬಾಳೆಹಣ್ಣು. ಅನ್ನಕ್ಕೆ ಬಾಯಿ ಬಿಟ್ಟರೆ ನಮ್ಮ ನಿಶಿಕಸಾಯ್‌ಗೆ ಬನ್ನಿ, ಇಲ್ಲಿ ಭಾರತದವರು ಬಹಳ ಜನ ಇದ್ದಾರೆ, ದೋಸೆ ಸಿಗುತ್ತದೆ.

ಗನ್‌ಪ್ಲಾ_ದಾವಣಗೆರೆ

ಕಸ್ಟಮ್ಸ್ ನಾನು ಹೇಳ್ತೀನಿ. ನಾನು ಬಂದದ್ದು 2023ರಲ್ಲಿ, ಆಗ ವಿಮಾನದಲ್ಲಿ ವಾಪಸ್ ಬರುವವರಿಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ. ನೀವು ಹೋಗುವ ಹೊತ್ತಿಗೆ ಮಿತಿ ಎಷ್ಟು ಅಂತ ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಬಿಲ್ಲುಗಳನ್ನು ಒಂದು ಕವರಿನಲ್ಲಿ ಇಟ್ಟುಕೊಳ್ಳಿ. ಹಳೇ ಸಾಮಾನು ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಬಿಲ್ ಇದ್ದರೆ ಮಾತು ಮುಗಿಯಿತು.

ಕೊರಿಯರ್‌ನಲ್ಲಿ ತರಿಸಬೇಡಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60% ಆಯಿತು, 2023ರಲ್ಲಿ 70%. ಇಲ್ಲಿನ ಆಟಿಕೆ ಮಾಡುವವರಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು. ಆದರೆ ಗುಂಡಮ್ ಚನ್ನಪಟ್ಟಣದಲ್ಲಿ ಮಾಡಲ್ಲವಲ್ಲ.

ಚನ್ನಪಟ್ಟಣದವ

ನಮ್ಮೂರಿನ ಹೆಸರು ಬಂತು ಅಂತ ಬಂದೆ. ಮಾಡಲ್ಲ ನಿಜ. ಆದರೆ ನಮ್ಮ ಗೊಂಬೆಗೂ ಜಪಾನಿಗೂ ನಂಟಿದೆ. ನಮ್ಮ ಗೊಂಬೆ ಕೆಲಸದ ಹಿರಿಯರಾದ ಬಾವಾಸ್ ಮಿಯಾ ಅವರು ಜಪಾನಿನವರ ಅರಗಿನ ಕೆಲಸದ ರೀತಿಯನ್ನು ಇಲ್ಲಿಗೆ ತಂದರು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಜಪಾನಿನ ಕೊಕೇಶಿ ಅನ್ನುವ ಮರದ ಗೊಂಬೆ ನೋಡಿ, ಕೈಕಾಲಿಲ್ಲದ ಗುಂಡು ಗೊಂಬೆ. ನಮ್ಮ ಅಂಗಡಿಯಲ್ಲಿ ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲ್ಲಿಗೆ ಹೋಗುವವರು ಒಂದು ಕೊಕೇಶಿ ತಂದು ಪಕ್ಕದಲ್ಲಿ ನಮ್ಮದೊಂದು ಇಡಿ.

ಕುಡ್ಲದ_ಹುಡುಗಿ

ಮಾರಾಯ್ರೆ, ಎಲ್ಲರೂ ಗೊಂಬೆ ಗೊಂಬೆ ಅಂತೀರಿ, ಸೆಲ್ ಬಗ್ಗೆ ಯಾರೂ ಹೇಳಲೇ ಇಲ್ಲ!

ಕಂಪ್ಯೂಟರ್ ಬರುವ ಮುಂಚೆ ಅನಿಮೆಯ (ಜಪಾನಿನ ಕಾರ್ಟೂನಿನ) ಒಂದೊಂದು ಚಿತ್ರವನ್ನೂ ಪಾರದರ್ಶಕ ಹಾಳೆಯ ಮೇಲೆ ಮಾಡುತ್ತಿದ್ದರು. ಮುಂದಿನ ಬದಿಯಲ್ಲಿ ಗೆರೆ, ಹಿಂದಿನ ಬದಿಯಲ್ಲಿ ಬಣ್ಣ. ಅದೇ ಸೆಲ್. 2000ದ ಆಸುಪಾಸಿನಲ್ಲಿ ಹೆಚ್ಚಿನವರು ಬಿಟ್ಟರು. ಸಜಾಎ-ಸಾನ್ ಅನ್ನುವ ಹಳೇ ಧಾರಾವಾಹಿ ಮಾತ್ರ 2013ರವರೆಗೂ ಸೆಲ್‌ನಲ್ಲೇ ಬರುತ್ತಿತ್ತು. ಟಿವಿಯಲ್ಲಿ ಒಂದು ಸೆಕೆಂಡೂ ನಿಲ್ಲದ ಚಿತ್ರ ಅದು. ಅದನ್ನು ಕೈಯಲ್ಲಿ ಹಿಡಿಯಬಹುದು. ನಕಾನೊದಲ್ಲಿ ನಾನು ತಂದದ್ದು ಯಾವ ಹೀರೋದ್ದೂ ಅಲ್ಲ, ಬಾಗಿಲ ಹತ್ತಿರ ನಿಂತ ಯಾರೋ ಒಬ್ಬ ಮುದುಕನದ್ದು. ಹೆಸರಿಲ್ಲದ ಪಾತ್ರ, ಹಾಗಾಗಿ 800 ಯೆನ್. ಹಿಂದೆ ತಿರುಗಿಸಿದರೆ ಬಣ್ಣದ ಮೇಲೆ ಕುಂಚದ ಗೆರೆ ಕಾಣುತ್ತದೆ. ಒಂದು ಕಡೆ ಬೆರಳಿನ ಗುರುತೂ ಇದೆ. ಮುದುಕನ ಅಂಗಿಯ ಮೇಲೆ, ಅದನ್ನು ಬಳಿದವರ ಹೆಬ್ಬೆರಳು.

ಆದರೆ ಕಷ್ಟವೂ ಇದೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಇನ್ನು ಸೆಲ್ ಉಳಿಯುವುದುಂಟಾ? ಹಳೇ ಹಾಳೆ ಕೆಡಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ, ಕೊಳ್ಳುವಾಗಲೇ ಮೂಸಿ ನೋಡಬೇಕು. ಹಿಂದೆ ಪೆನ್ಸಿಲ್ ಚಿತ್ರದ ಕಾಗದ ಅಂಟಿಕೊಂಡಿದ್ದರೆ ಎಳೆಯಬಾರದು, ಬಣ್ಣ ಎದ್ದು ಬರುತ್ತದೆ. ನಾನು ಬಿಸಿಲು ಬೀಳದ ಕಪಾಟಿನಲ್ಲಿ, ಗಾಳಿ ಆಡುವ ಹಾಗೆ ಇಟ್ಟಿದ್ದೇನೆ. ಅಮ್ಮ ಆ ಕಪಾಟಿಗೆ "ನಿನ್ನ ಮುದುಕನ ಕೋಣೆ" ಅಂತಾರೆ.

ಕುವೆಂಪುನಗರದ_ಅಕ್ಕ

ಕುಡ್ಲದವರೇ, ಆ ಹೆಬ್ಬೆರಳಿನ ಗುರುತು ನನಗೆ ಬೇಕು. ಇಷ್ಟು ಗೊತ್ತಿದ್ದರೆ ನಕಾನೊದಲ್ಲಿ ಇನ್ನೊಂದು ಗಂಟೆ ಇರುತ್ತಿದ್ದೆ.

ಈಗ ಕಥೆಯ ಉಳಿದ ಭಾಗ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಊರಿಗೆ ಬಂದ ಮೇಲೆ ತಮ್ಮನನ್ನು ಕರೆದು, ಕಣ್ಣು ಮುಚ್ಚಿಸಿ, ಅಂಗೈ ಮೇಲೆ ಡ್ರಾಗೂನ್ ಇಟ್ಟೆ. ಕಣ್ಣು ಬಿಟ್ಟವನು ಎರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಸೀದಾ ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟು ಕಲಸುವ ದೊಡ್ಡ ಬೇಸಿನ್ ತಂದು ನೆಲಕ್ಕಿಟ್ಟ. ಲಾಂಚರ್‌ಗೆ ಸಿಕ್ಕಿಸಿದ. ಸಿಕ್ಕಲಿಲ್ಲ. ಮತ್ತೆ ಸಿಕ್ಕಿಸಿದ, ಹಲ್ಲಿನ ಪಟ್ಟಿ ಎಳೆದ. ಡ್ರಾಗೂನ್ ಟಪ್ ಅಂತ ಬೇಸಿನ್‌ಗೆ ಬಿದ್ದು ಮಲಗಿತು. ತಿರುಗಲೇ ಇಲ್ಲ. ಹತ್ತು ಸಲ ಮಾಡಿದೆವು. ಅಮ್ಮ ಬೇಸಿನ್ ವಾಪಸ್ ಕೇಳಲು ಬಂದರು.

ಚೀಟಿಯ ಫೋಟೋ ಹಾಕಿದ್ದೇನೆ. ಯಾರಾದರೂ ಓದಿ ಹೇಳುತ್ತೀರಾ?

ನಿಶಿಕಸಾಯ್_ಕನ್ನಡಿಗ

ಅಕ್ಕ, ಫೋಟೋ ನೋಡಿದೆ. ಮೊದಲ ಸಾಲು: ಚೂಕೋ, ಅಂದರೆ ಹಳೇದು, ಬಳಸಿದ್ದು. ಎರಡನೇ ಸಾಲು: ಕೆಪ್ಪಿನ್ ಆರಿ. ಕೆಪ್ಪಿನ್ ಅಂದರೆ ಏನೋ ಒಂದು ಭಾಗ ಇಲ್ಲ ಅಂತ. ಆವರಣದಲ್ಲಿ ಬರೆದಿದ್ದಾರೆ: ಲಾಂಚರ್ ಬೇರೆಯದರದ್ದು, ಬಲಕ್ಕೆ ತಿರುಗಿಸುವಂಥದ್ದು.

ಡ್ರಾಗೂನ್ ಸರಣಿ ಎಡಕ್ಕೆ ತಿರುಗುವುದಕ್ಕೇ ಹೆಸರುವಾಸಿ ಅಲ್ವಾ? ಅದಕ್ಕೆ ಎಡದ ಲಾಂಚರೇ ಬೇಕು. ಅಂಗಡಿಯಾತ ಬೆರಳು ತೋರಿಸಿ ಎರಡು ಸಲ ಕೇಳಿದ್ದು ಅದನ್ನೇ ಇರಬೇಕು: "ಇದು ಕೂರುವುದಿಲ್ಲ, ಪರವಾಗಿಲ್ಲವಾ?" ನೀವು ಎರಡು ಸಲ ಪರವಾಗಿಲ್ಲ ಅಂದಿರಿ.

ಬೇರೆಯವರಿಗೂ ಉಪಯೋಗ ಆಗಲಿ: ಮಿಕಾಯ್‌ಫೂ ಅಂದರೆ ಬಿಚ್ಚೇ ಇಲ್ಲದ್ದು. ಹಾಕೋ ಇತಾಮಿ ಅಂದರೆ ಡಬ್ಬಿಗೆ ಪೆಟ್ಟಾಗಿದೆ, ಒಳಗಿನದ್ದು ಸರಿ ಇದೆ. ಡಬ್ಬಿ ಎಸೆಯುವವರಿಗೆ ಇದೇ ಲಾಭದ ಮಾಲು. ಜಂಕು ಅಂದರೆ ಕೊಳ್ಳುವವರ ಹಣೆಬರಹ. ಇಲ್ಲಿ ಹಳೇ ಸಾಮಾನು ಮಾರುವವರು ಸಣ್ಣ ಗೀರು ಇದ್ದರೂ ಚೀಟಿಯಲ್ಲಿ ಬರೆಯುತ್ತಾರೆ. ಓದುವ ಕೆಲಸ ನಮ್ಮದು. ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದೆ. ಆದರೆ ಅಂಗಡಿಯೊಳಗೆ ಫೋಟೋ ತೆಗೆಯಬಾರದು ಅನ್ನುವವರೂ ಇದ್ದಾರೆ, ಒಂದು ಮಾತು ಕೇಳಿ ಹಿಡಿಯಿರಿ.

ಹುಬ್ಬಳ್ಳಿ_ಒಟಾಕು

ಅವರು ಚೀಟಿಯಲ್ಲಿ ಕೆಪ್ಪಿನ್ ಅಂದರು, ಅಕ್ಕ ಕೆಪ್ಪಿ ಆದರು.

ಕುವೆಂಪುನಗರದ_ಅಕ್ಕ

ಹುಬ್ಬಳ್ಳಿಯವರೇ, ಇದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಇನ್ನೂ ನಗುತ್ತಿದ್ದಾರೆ.

ತಮ್ಮ ಮಾತ್ರ ಬಿಡುತ್ತಿಲ್ಲ. ಕೈಯಲ್ಲೇ ಬುಗುರಿ ಥರ ತಿರುಗಿಸಲು ನೋಡಿದ. ಮೂರು ಸುತ್ತು ಹೋಗಿ ಬೀಳುತ್ತದೆ. "ಎಸೆದದ್ದು ಪೂರ್ತಿ, ಕೊಟ್ಟದ್ದು ಅರ್ಧ" ಅಂತ ಹೊಸ ರಾಗ ಶುರು ಮಾಡಿದ್ದಾನೆ. ಇನ್ನೊಂದು ಇಪ್ಪತ್ತು ವರ್ಷ ಇದೇ ಕೇಳಬೇಕು.

ಖರ್ಚು_ಕಮ್ಮಿ

ಬುಗುರಿಗೆ ಹಗ್ಗ ಸುತ್ತುವ ಹಾಗೆ ದಾರ ಸುತ್ತಿ ನೋಡಿ ಮೇಡಂ. ನಮ್ಮ ಕಾಲದಲ್ಲಿ ಐದು ರೂಪಾಯಿ ಬುಗುರಿ ಗುಂಯ್ ಅಂತಿತ್ತು. ಇದೇನು ಸಾವಿರ ರೂಪಾಯಿ ಕೊಟ್ಟು!

ನಿಶಿಕಸಾಯ್_ಕನ್ನಡಿಗ

ತಮಾಷೆ ಅಂದರೆ, ಬೇಬ್ಲೇಡ್ ಹುಟ್ಟಿದ್ದೇ ಹಾಗೆ. ಇಲ್ಲಿ ಬೇಯ್‌ಗೋಮಾ ಅನ್ನುವ ಹಳೇ ಆಟ ಇದೆ, ಕಬ್ಬಿಣದ ಪುಟ್ಟ ಬುಗುರಿ. ದಾರ ಸುತ್ತಿ ಬೀಸಿ ಬಿಡುವುದು, ಇನ್ನೊಬ್ಬನದ್ದನ್ನು ಹೊರಗೆ ತಳ್ಳುವುದು. 1999ರಲ್ಲಿ ಟಕಾರಾ ಕಂಪನಿ ಅದನ್ನೇ ಪ್ಲಾಸ್ಟಿಕ್ಕಿಗೆ ತಂದು ದಾರದ ಬದಲು ಲಾಂಚರ್ ಕೊಟ್ಟಿತು. ಖರ್ಚು ಕಮ್ಮಿ ಸರ್, ನೀವು ಗೊತ್ತಿಲ್ಲದೆ ಸರಿಯಾದ ಮಾತೇ ಹೇಳಿದ್ದೀರಿ.

ಗನ್‌ಪ್ಲಾ_ದಾವಣಗೆರೆ

ಅಕ್ಕ, ಒಂದು ನಿಮಿಷ. ನಿನ್ನೆ ರಾತ್ರಿ ಇದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ಬೆಳಗ್ಗೆ ಏಣಿ ಹಾಕಿ ಅಟ್ಟದ ಮೇಲಿದ್ದ ಹಾರ್ಲಿಕ್ಸ್ ಡಬ್ಬಿ ಇಳಿಸಿದೆ. ಗೋಲಿ, ಟಾಜೋ, ಒಂದು ಮುರಿದ ಬೇಬ್ಲೇಡ್. ತಳದಲ್ಲಿ ಎರಡು ಲಾಂಚರ್. ಒಂದು ಬಲ. ಇನ್ನೊಂದರ ಪಟ್ಟಿ ಎಳೆದು ನೋಡಿದೆ, ಎಡಕ್ಕೆ ತಿರುಗುತ್ತಿದೆ. ತುಕ್ಕಿಲ್ಲ, ಹಲ್ಲೆಲ್ಲ ಸರಿ ಇದೆ. ಅಸಲಿಯಾ ನಕಲಿಯಾ ಹೇಳಲಾರೆ, ನನಗೂ ಅಪ್ಪ ಕೊಡಿಸಿದ್ದು.

ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ. ದುಡ್ಡು ಬೇಡ. ಯಜಮಾನರ ಹತ್ತಿರ ಐದು ಬಾಣಲೆ ಇದೆಯಲ್ಲ, ಅದರಲ್ಲಿ ಒಂದು ನನ್ನ ಮಗಳಿಗೆ ಹಾಕಿ.

ಕುವೆಂಪುನಗರದ_ಅಕ್ಕ

ಎರಡು ಹಾಕುತ್ತೇನೆ. ಕುಕ್ಕರ್ ಮಾತ್ರ ಕೇಳಬೇಡಿ, ಅದನ್ನು ಅವರು ಆಫೀಸಿನ ಮೇಜಿನ ಮೇಲಿಟ್ಟುಕೊಂಡಿದ್ದಾರೆ. ತಮ್ಮನಿಗೆ ಇನ್ನೂ ಹೇಳಿಲ್ಲ. ಬೇಸಿನ್ ತೊಳೆದಿಟ್ಟಿದ್ದೇನೆ.